ಕಾಲಿನ ಭಾರ

"ಇದೇನು?" ಎಂದು ಗಂಡ ತನ್ನ ತೋರುಬೆರಳನ್ನು ಅವಳ ಮೂಗಿನ ನೇರಕ್ಕೆ ಹಿಡಿದ. ಮಸಿಯಲ್ಲಿ ಅದ್ದಿ ತೆಗೆದಂತೆ ಬೆರಳ ತುದಿ ಕಪ್ಪಾಗಿತ್ತು.

ಅವಳು ಹಾಲಿನ ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ. ಉಕ್ಕಿದರೆ ಅದಕ್ಕೂ ಒಂದು ಮಾತು ಬರುತ್ತದೆ.

"ಧೂಳು."

"ಯಾವ ಧೂಳು?"

"ಬ್ರೇಕಿನ ಧೂಳು."

"ಎಲ್ಲಿಂದ ಬಂತು?"

"ನನ್ನ ಕಾಲಿಂದ," ಎಂದಳು. ಏಳು ವರ್ಷದಿಂದ ಭಾನುವಾರ ಭಾನುವಾರ ಒಪ್ಪಿಸುತ್ತ ಬಂದ ಪಾಠ ಅದು; ಈಗೀಗ ಬಾಯಿಗೆ ತಾನಾಗಿಯೇ ಬರುತ್ತಿತ್ತು.

ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದ ನಾದಿನಿ ಕಿಸಕ್ಕನೆ ನಕ್ಕಳು. ತನ್ನ ಮನೆಗೆ ಬಣ್ಣ ಹೊಡೆಸುತ್ತಿದ್ದಾಳೆಂದು ಹದಿನೈದು ದಿನದ ಮಟ್ಟಿಗೆ ಅಣ್ಣನ ಮನೆಗೆ ಬಂದಿದ್ದಳು. "ಅಣ್ಣಾ, ಅದನ್ನ ಸುಮ್ನೆ ತೊಳೀಬೇಡ. ನನ್ನ ಕಣ್ಣಿಗೆ ಹಚ್ಚಿಬಿಡು, ಕಾಡಿಗೆ ಮುಗಿದಿದೆ."

ಅವನು ನಗಲಿಲ್ಲ. ಗೋಡೆಯಲ್ಲಿ ತೂಗುತ್ತಿದ್ದ, ಎರಡು ತಿಂಗಳಿಗೊಂದು ಹಾಳೆಯ ಕ್ಯಾಲೆಂಡರಿನ ಬಳಿ ಹೋಗಿ ಆ ದಿನದ ಚೌಕದಲ್ಲಿ ಬೆರಳೊತ್ತಿದ. ಮೇಲಿನ ಸಾಲುಗಳಲ್ಲೂ ಭಾನುವಾರದ ಚೌಕಗಳಲ್ಲೆಲ್ಲ ಅಂಥದ್ದೇ ಗುರುತು. ಸಹಿ ಬಾರದ ಯಾರೋ ವಾರಕ್ಕೊಮ್ಮೆ ಬಂದು ಹೆಬ್ಬೆಟ್ಟೊತ್ತಿ ಹೋದ ಹಾಗೆ.

"ಎಂಟು ವಾರ. ಎಂಟೂ ಫೇಲು. ನಮ್ಮಲ್ಲಾದ್ರೆ ಮೂರಕ್ಕೇ ಲೈನ್ ನಿಲ್ಲಿಸಿಬಿಡ್ತಾರೆ, ಗೊತ್ತಾ?"

ಅವನು ಫ್ರಿಜ್ ತಯಾರಿಸುವ ಕಾರ್ಖಾನೆಯಲ್ಲಿ ತಪಾಸಕ. ಬಣ್ಣ ಹಚ್ಚಿಸಿಕೊಂಡು ಸಾಲಾಗಿ ಬರುವ ಬಾಗಿಲುಗಳ ಮೇಲೆ ಬೆರಳಾಡಿಸಿ ಪಾಸು, ಫೇಲು ಎನ್ನುವುದು ಅವನ ಕೆಲಸ. ಕಣ್ಣಿಗೆ ಕಾಣದ ಗುಳ್ಳೆ ಅವನ ಬೆರಳಿಗೆ ಸಿಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಆ ಬೆರಳು ಅಲಮಾರಿನ ತಲೆಯ ಮೇಲೆ, ಕಿಟಕಿಯ ಸರಳಿನ ಹಿಂದೆ, ತೊಳೆದಿಟ್ಟ ಲೋಟದ ಒಳಗೆಲ್ಲ ಓಡಾಡಿತ್ತು. ಕಾರು ಬಂದ ಮೇಲೆ ಬೇರೆಲ್ಲವನ್ನೂ ಬಿಟ್ಟು ಅದರ ಬೆಳ್ಳಿ ಬಣ್ಣದ ಗಾಲಿಗಳಲ್ಲಿ ನೆಲೆಯೂರಿತು. ಗಾಲಿ ಕಪ್ಪಾದರೆ ಅವಳು ಬ್ರೇಕನ್ನು ಜೋರಾಗಿ ಒತ್ತಿದ್ದಾಳೆಂದೇ ಅವನ ತೀರ್ಪು. ಅವಳು ಒಂದು ಶನಿವಾರ ಸಂಜೆ ಒದ್ದೆ ಬಟ್ಟೆಯಲ್ಲಿ ಗಾಲಿಗಳನ್ನು ಒರೆಸಿಟ್ಟು ನೋಡಿದ್ದಳು. ಮರುದಿನ ಅವನು ಗಾಲಿಯ ಕಡ್ಡಿಗಳ ಒಳಮೈಗೆ ಕೈ ಹಾಕಿ, "ಕಾಪಿ ಹೊಡೆದಿದ್ದೀಯ," ಎಂದಿದ್ದ. ಅವತ್ತು ಕ್ಯಾಲೆಂಡರಿನಲ್ಲಿ ಎರಡು ಬೆರಳಿನ ಗುರುತು ಬಿದ್ದವು.

"ಬರೋ ಭಾನುವಾರನೂ ಹೀಗೇ ಇದ್ರೆ ಕೀ ನನ್ನ ಬೀರು ಸೇರತ್ತೆ. ಎಮರ್ಜೆನ್ಸಿಗೆ ಅಂತ ಇಟ್ಟಿರೋ ಇನ್ನೊಂದನ್ನ ಇವತ್ತೇ ತಗೊಂಡಿದ್ದೀನಿ. ಬಸ್ಸಲ್ಲಿ ಓಡಾಡ್ಕೋ, ಬಸ್ಸಿನ ಗಾಲಿ ಯಾರೂ ನೋಡಲ್ಲ."

ಹಾಲು ಉಕ್ಕಿತು.

ಅವಳ ಕೆಲಸ ಜನರ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವುದು. ಬೆಳಿಗ್ಗೆ ಆರರಿಂದ ಎಂಟೂವರೆಯೊಳಗೆ ಆರೇಳು ಮನೆ. ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಕಾಯುತ್ತಿರುತ್ತಾರೆ. ಹತ್ತು ನಿಮಿಷ ತಡವಾದರೆ ವಯಸ್ಸಾದವರಿಗೆ ತಲೆ ಸುತ್ತುತ್ತದೆ. ಬಸ್ಸಿನಲ್ಲಿ ಅದು ಆಗದ ಮಾತು. ಕಾರಿಲ್ಲ ಎಂದರೆ ಲ್ಯಾಬಿನವರು ಅವಳನ್ನು ಮತ್ತೆ ನೆಲಮಾಳಿಗೆಯಲ್ಲಿ ಕೂರಿಸುತ್ತಾರೆ. ಹನ್ನೊಂದು ವರ್ಷ ಅಲ್ಲಿ ಕೂತು, ಮುಖ ಕಾಣದವರ ಹೆಸರುಗಳನ್ನು ಸೀಸೆಗಳಿಗೆ ಅಂಟಿಸಿದ್ದಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ಈಗ ಬೆಳಗಿನ ಎರಡೂವರೆ ಗಂಟೆ ಊರೆಲ್ಲ ಅವಳದು. ಬಾಗಿಲು ತೆರೆದವರು, "ನೀವು ಬಂದ್ರೆ ಚುಚ್ಚಿದ್ದೇ ಗೊತ್ತಾಗಲ್ಲ," ಎನ್ನುತ್ತಾರೆ. ಒಂದು ಮನೆಯಿಂದ ಇನ್ನೊಂದು ಮನೆಯವರೆಗೆ ಕಾರಿನಲ್ಲಿ ಅವಳ ಜೊತೆ ಯಾರೂ ಇರುವುದಿಲ್ಲ. ತನಗೆ ಅದೆಷ್ಟು ಇಷ್ಟವೆಂದು ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಗೊತ್ತಾದರೆ ಅದನ್ನೂ ತಪಾಸಣೆಗೆ ಇಡುತ್ತಾರೆಂಬ ಭಯ.

ಬ್ರೇಕು ಒತ್ತದೆ ಓಡಿಸುವುದಕ್ಕೆ ಅವಳು ಮಾಡದ ಉಪಾಯವಿರಲಿಲ್ಲ. ಸಿಗ್ನಲ್ಲುಗಳಿಲ್ಲದ ಸುತ್ತು ದಾರಿ ಹುಡುಕಿದ್ದಳು. ಕೆಂಪು ದೀಪ ಇನ್ನೂ ಅಷ್ಟು ದೂರವಿರುವಾಗಲೇ ಕಾಲು ತೆಗೆದು ಗಾಡಿ ತಾನೇ ಸೋತು ನಿಲ್ಲುವಂತೆ ಬಿಡುತ್ತಿದ್ದಳು. ಹಿಂದಿನವರು ಹಾರನ್ ಹೊಡೆದು ಪಕ್ಕದಿಂದ ನುಗ್ಗುವಾಗ, "ಅಮ್ಮಾ, ಇಳಿದು ತಳ್ಕೊಂಡು ಹೋಗಿ!" ಎಂದು ಕೂಗಿದ್ದುಂಟು. ಆದರೂ ವಾರದ ಕೊನೆಗೆ ಮುಂದಿನ ಎರಡು ಗಾಲಿ ಕಪ್ಪಗೆ.

ಸಕ್ಕರೆ ಕಾಯಿಲೆಯ ಒಬ್ಬ ಮುದುಕರು, ಹಿಂದೆ ಬಸ್ ಓಡಿಸುತ್ತಿದ್ದವರು, ಮಂಗಳವಾರ ತೋಳು ಚಾಚಿ ಕೂತಾಗ ಅವಳು ಅದು ಹೇಗೋ ಗಾಲಿಯ ಧೂಳಿನ ವಿಷಯ ಕೇಳಿಬಿಟ್ಟಳು. ಅವರು ಸೂಜಿಯನ್ನು ನೋಡಲಾರದೆ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದರು: "ಬ್ರೇಕಿನ ಪ್ಯಾಡ್ ಬದಲಾಯಿಸಮ್ಮ, ಗಾಲೀನ ಉಜ್ಜಿ ನಿಲ್ಲಿಸೋ ಬಿಲ್ಲೆ. ಸೆರಾಮಿಕ್ ಅಂತ ಕೇಳು. ಧೂಳು ಕಾಣಲ್ಲ."

ಬುಧವಾರ ಮಧ್ಯಾಹ್ನ ಅವಳು ಗ್ಯಾರೇಜಿಗೆ ಹೋದಳು. ಕಾರು ಕೊಂಡಾಗಿನಿಂದ ಅದನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಟೈರೊಂದರ ಮೇಲೆ ಕೂತು ಬುತ್ತಿ ಮುಗಿಸುತ್ತಿದ್ದ.

"ಏನಮ್ಮಾ, ಸರ್ವೀಸಿಗೆ ಇನ್ನೂ ಎರಡು ತಿಂಗಳಿದೆಯಲ್ಲ?"

"ಬ್ರೇಕ್ ಪ್ಯಾಡ್ ಬದಲಾಯಿಸ್ಬೇಕು ಮೇಸ್ತ್ರೀ. ಸೆರಾಮಿಕ್ ಹಾಕಿ. ಮನೇಲಿ ಹೇಳಬೇಡಿ."

"ಪ್ಯಾಡಿನ ವಿಷಯ ಮನೇಲಿ ಹೇಳಬಾರದಾ?" ಮೇಸ್ತ್ರಿ ಕೈ ತೊಳೆದುಕೊಂಡು ಬಂದು ಅವಳ ಮುಖ ನೋಡಿದ. ಕಾರನ್ನು ಎತ್ತಿ ನಿಲ್ಲಿಸಿ, ಗಾಲಿ ಬಿಚ್ಚಿ, ಒಳಗಿನಿಂದ ಹಳೆಯ ಪ್ಯಾಡುಗಳನ್ನು ಎಳೆದು ತೆಗೆದ. ಬೆಳಕಿಗೆ ಹಿಡಿದು ಒಂದನ್ನು ಹಿಂದೆ ಮುಂದೆ ತಿರುಗಿಸಿದ. ಅಳತೆಯ ಕಡ್ಡಿ ತಂದು ಅಳೆದ. ಆಮೇಲೆ ಇನ್ನೊಂದನ್ನೂ ಅಳೆದ.

"ಇದು ಗಾಡಿ ಜೊತೆ ಬಂದಿದ್ದೇ ಅಲ್ವಾ?"

"ಹೂಂ. ಯಾಕೆ, ಪೂರ್ತಿ ಹೋಗಿದ್ಯಾ?"

"ಹೋಗೋದಾ! ಏಳು ವರ್ಷ ಓಡಿಸಿ ಅರ್ಧಕ್ಕರ್ಧ ಉಳಿಸಿದ್ದೀರಲ್ಲಮ್ಮ. ಬೇರೆಯವರಾಗಿದ್ರೆ ಇಷ್ಟೊತ್ತಿಗೆ ಎರಡು ಜೊತೆ ತಿಂದು ಹಾಕಿರೋರು. ನೋಡಿ, ನಾಲ್ಕೂ ಒಂದೇ ಸಮ ಸವೆದಿದೆ. ನನ್ನ ಮೂವತ್ತೈದು ವರ್ಷದಲ್ಲಿ ಇಷ್ಟು ಹಗುರ ಕಾಲು ನೋಡಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. "ಮತ್ತೆ ಧೂಳು?"

"ಧೂಳು ನಿಮ್ಮದಲ್ಲ, ಪ್ಯಾಡಿಂದು. ಇದರಲ್ಲಿ ಕಬ್ಬಿಣದ ಪುಡಿ ಬೆರೆಸಿರ್ತಾರೆ. ಯಾರು ಓಡಿಸಿದ್ರೂ, ನಾನೇ ಓಡಿಸಿದ್ರೂ, ವಾರಕ್ಕೆ ಕಪ್ಪಾಗತ್ತೆ."

"ಸೆರಾಮಿಕ್ಕಲ್ಲಿ ಬರಲ್ವಾ?"

"ಬರತ್ತೆ. ಸವೆಯೋದಕ್ಕೆಲ್ಲ ಪುಡಿ ಬಂದೇ ಬರತ್ತಲ್ಲ. ಇದರದ್ದು ತಿಳಿ ಬಣ್ಣ, ಗಾಲಿಗೆ ಅಂಟಲ್ಲ."

"ಅಂದ್ರೆ ಬರೋದು ಬರತ್ತೆ, ಕಾಣಲ್ಲ. ಅಷ್ಟೇ."

"ಅಷ್ಟೇ," ಎಂದ ಮೇಸ್ತ್ರಿ. ಹೊಸ ಪ್ಯಾಡಿನ ಡಬ್ಬಿ ಬಿಚ್ಚುತ್ತ, ಏನೋ ನೆನಪಾದವನಂತೆ ಹೇಳಿದ: "ನಿಮ್ಮ ಯಜಮಾನ್ರಿಗೆ ನಾನು ಅವತ್ತೇ ಹೇಳಿದ್ದೆ. ನಾಲ್ಕು ವರ್ಷ ಆಯ್ತೇನೋ. ಸರ್ವೀಸಿಗೆ ಬಂದಾಗ ಗಾಲಿ ಕಪ್ಪು, ಗಾಲಿ ಕಪ್ಪು ಅಂತಿದ್ರು. ಸಾರ್, ಅದು ಓಡಿಸೋರ ತಪ್ಪಲ್ಲ, ಪ್ಯಾಡ್ ಹಾಗೆ, ಬೇಕಾದ್ರೆ ಬದಲಾಯಿಸಿಕೊಡ್ತೀನಿ ಅಂದೆ. ಬೇಡ, ಇರಲಿ ಬಿಡು ಅಂದ್ರು."

ಗ್ಯಾರೇಜಿನ ಆಚೆ ಮೂಲೆಯಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಅವಳು ಬಡಿತಗಳನ್ನು ಎಣಿಸಿದಳು. ನಾಲ್ಕು ವರ್ಷ ಎಂದರೆ ಇನ್ನೂರಕ್ಕೂ ಹೆಚ್ಚು ಭಾನುವಾರ. ಅವನಿಗೆ ಗೊತ್ತಿರಲಿಲ್ಲ ಎಂದುಕೊಂಡಿದ್ದ ಕಾಲದಲ್ಲಿ ಅವಳಿಗೆ ಅವನ ಮೇಲೆ ಸಿಟ್ಟು ಬಂದದ್ದುಂಟು. ಈಗ ಆ ಸಿಟ್ಟು ಕೂಡ ಬರಲಿಲ್ಲ. ತನ್ನ ಬಾಯಿಂದಲೇ ಅವನು ಹೇಳಿಸುತ್ತಿದ್ದ 'ನನ್ನ ಕಾಲಿಂದ' ಎಂಬ ಆ ಎರಡು ಪದ ನಾಲಿಗೆಯ ಮೇಲೆ ಕಬ್ಬಿಣದ ರುಚಿಯಾಗಿ ಕೂತಿತು.

"ಹಳೇದನ್ನ ಎಸೀಬೇಡಿ, ಕೊಡಿ," ಎಂದಳು.

ಮೇಸ್ತ್ರಿ ಹೊಸದನ್ನು ಹಾಕಿ, ಗಾಲಿಗಳನ್ನು ತೊಳೆದು, ಹಳೆಯ ನಾಲ್ಕನ್ನೂ ಪತ್ರಿಕೆಯಲ್ಲಿ ಸುತ್ತಿ ಕೊಟ್ಟ. "ಒಂದು ಮಾತು. ಹೊಸ ಪ್ಯಾಡು ಸುಮ್ನೆ ಕೂರಲ್ಲ. ಖಾಲಿ ರಸ್ತೆ ನೋಡ್ಕೊಂಡು, ಒಳ್ಳೆ ಸ್ಪೀಡಲ್ಲಿ ಹೋಗಿ, ಎಂಟ್ಹತ್ತು ಸಲ ಗಟ್ಟಿಯಾಗಿ ಬ್ರೇಕ್ ಒತ್ತಬೇಕು. ನಿಮ್ಮ ಹೂವಿನ ಕಾಲು ಅದಕ್ಕಾಗಲ್ಲ, ಮತ್ತೆ. ಜೋರಾಗಿ!"

ಭಾನುವಾರ ಬೆಳಿಗ್ಗೆ ಅವನು ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮತ್ತೊಮ್ಮೆ ಹೊರಗೆ ಹೋಗಿ ಇನ್ನೊಂದು ಬದಿಯ ಗಾಲಿಯನ್ನೂ, ಕಡ್ಡಿಗಳ ಒಳಮೈಯನ್ನೂ ಸವರಿ ಬಂದ. ಕ್ಯಾಲೆಂಡರಿನ ಚೌಕದಲ್ಲಿ ಅಭ್ಯಾಸಬಲದಿಂದ ಬೆರಳೊತ್ತಿದ, ಏನೂ ಮೂಡಲಿಲ್ಲ. ಜೇಬಿನಿಂದ ಪೆನ್ನು ತೆಗೆದು 'ಪಾಸ್' ಎಂದು ಬರೆದ.

"ನೋಡಿದ್ಯಾ?" ಎಂದ ತಂಗಿಗೆ. "ಏಳು ವರ್ಷ. ಏಳು ವರ್ಷ ಹಿಂದೆ ಬಿದ್ದು ತಿದ್ದಿದ್ದೀನಿ."

"ಅತ್ತಿಗೇ, ಪಾಸಾದ್ರಿ! ಇವತ್ತು ಸಿಹಿ ಮಾಡ್ಬೇಕು," ಎಂದು ನಾದಿನಿ ಚಪ್ಪಾಳೆ ತಟ್ಟಿದಳು. "ನಂಗೂ ಹೀಗೇ ಮಾಡೋನು. ಸ್ಕೂಲಿಗೆ ಹೊರಡೋ ಮುಂಚೆ ಉಗುರು ನೋಡೋನು, ಕಿವಿ ಹಿಂದೆ ನೋಡೋನು. ನಾನು ತಪ್ಪಿಸ್ಕೊಳ್ಳೋಕೇ ಬೇಗ ಮದುವೆಯಾಗಿದ್ದು." ಅವಳು ನಗುತ್ತಲೇ ಹೇಳಿದಳು. ಆದರೆ ಹೇಳುವಾಗ ಕೈ ತಾನಾಗಿ ಕಿವಿಯ ಹಿಂದೆ ಹೋಗಿತ್ತು.

ಅವನು ಬೀರು ತೆರೆದು, ಹೋದ ವಾರ ಎತ್ತಿಟ್ಟಿದ್ದ ಎರಡನೆಯ ಕೀಲಿಯನ್ನು ತಂದು ಹೆಂಡತಿಯ ತಟ್ಟೆಯ ಪಕ್ಕದಲ್ಲಿಟ್ಟ. ಬೇಕಾಗಿದ್ದುದು ಅವಳಿಗೆ ಅಷ್ಟೇ. ಅದನ್ನೆತ್ತಿ ಸೆರಗಿನೊಳಗೆ ಸೇರಿಸಿಕೊಂಡು ಬಾಯಿಮುಚ್ಚಿಕೊಂಡಿದ್ದರೆ ಆರು ಮನೆಗಳ ಬೆಳಗು ಅವಳದಾಗಿ ಉಳಿಯುತ್ತಿತ್ತು. ಹಾಗೇ ಮಾಡಬೇಕೆಂದು ಅವಳು ನಿಶ್ಚಯಿಸಿಯೂ ಇದ್ದಳು.

"ಬ್ರೇಕ್ ಆಯ್ತು," ಎಂದ ಅವನು, ತಿಂಡಿಗೆ ಕೂರುತ್ತ. "ಇನ್ನು ಮುಂದಿನ ವಾರದಿಂದ ಕ್ಲಚ್ ನೋಡೋಣ."

ಅವಳು ಎದ್ದು ಹೋಗಿ ತನ್ನ ಚೀಲದಿಂದ ಪತ್ರಿಕೆಯ ಪೊಟ್ಟಣ ತಂದಳು. ತಟ್ಟೆಗಳ ನಡುವೆ ಜಾಗ ಮಾಡಿ ಬಿಚ್ಚಿಟ್ಟಳು. ನಾಲ್ಕು ಕಪ್ಪು ಬಿಲ್ಲೆಗಳು.

"ಏನಿದು?" ಈ ಸಲ ಪ್ರಶ್ನೆಯಲ್ಲಿ ಪಾಠದ ರಾಗವಿರಲಿಲ್ಲ.

"ನನ್ನ ಕಾಲು," ಎಂದಳು ಅವಳು. "ಹಳೇ ಪ್ಯಾಡು ರೀ. ಬುಧವಾರ ಬದಲಾಯಿಸಿದೆ. ಅದಕ್ಕೇ ನಿಮ್ಮ ಬೆರಳಿಗೆ ಏನೂ ಹತ್ತಲಿಲ್ಲ. ಏಳು ವರ್ಷಕ್ಕೆ ಅರ್ಧ ಮಾತ್ರ ಸವೆದಿದ್ಯಂತೆ. ಮೇಸ್ತ್ರಿ ನಿಮಗೆ ನಾಲ್ಕು ವರ್ಷದ ಹಿಂದೆನೇ ಹೇಳಿದ್ರಂತೆ, ಧೂಳು ಓಡಿಸೋರಿಂದ ಅಲ್ಲ ಅಂತ."

ನಾದಿನಿಯ ಕೈಯ ತುತ್ತು ಅರ್ಧದಲ್ಲೇ ನಿಂತಿತು. "ಹೌದೇನಣ್ಣಾ?"

ಅವನು ಒಂದು ಪ್ಯಾಡನ್ನು ಎತ್ತಿಕೊಂಡ. ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚನ್ನು ನೋಡಿದ. ಮೇಲ್ಮೈಯ ಮೇಲೆ ನಿಧಾನವಾಗಿ ಬೆರಳಾಡಿಸಿದ. ಇನ್ನೊಂದನ್ನು ಎತ್ತಿಕೊಂಡು ಹಾಗೇ ಮಾಡಿದ. ಕಾರ್ಖಾನೆಯಲ್ಲಿ ಒಳ್ಳೆಯ ಬಾಗಿಲೊಂದು ಸಿಕ್ಕಿದಾಗ ಅವನ ಮುಖ ಹೇಗಾಗುತ್ತಿತ್ತೋ ಅವಳು ಎಂದೂ ನೋಡಿರಲಿಲ್ಲ. ಹೀಗೇ ಆಗುತ್ತಿದ್ದಿರಬೇಕು.

"ಹೇಳಿದ್ದ," ಎಂದ, ತಲೆಯೆತ್ತದೆ. "ಎಷ್ಟು ಸಮವಾಗಿ ಸವೆದಿದೆ ನೋಡು. ಎಲ್ಲೂ ಒಂದು ಗೀರಿಲ್ಲ. ನಾನು ಅವತ್ತೇ ನಿಂಗೆ ಹೇಳಿಬಿಟ್ಟಿದ್ದಿದ್ರೆ ಹೀಗೆ ಸವೀತಿತ್ತಾ? ನೀನೇ ಹೇಳು. ಆರಾಮಾಗಿ ಒತ್ತಿಕೊಂಡು ಓಡಾಡ್ತಿದ್ದೆ." ಆಮೇಲೆ ತಂಗಿಯ ಕಡೆ ತಿರುಗಿ ಪ್ಯಾಡನ್ನು ಮುಂದೆ ಹಿಡಿದ. "ಮುಟ್ಟಿ ನೋಡೇ. ಇಂಥ ಕಾಲು ತಯಾರು ಮಾಡೋದು ಸುಲಭ ಅಂದ್ಕೊಂಡ್ಯಾ?"

ನಾದಿನಿ ಮುಟ್ಟಲಿಲ್ಲ. ಅತ್ತಿಗೆಯ ಮುಖವನ್ನೂ ನೋಡಲಿಲ್ಲ. ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ಕೈ ತೊಳೆಯತೊಡಗಿದಳು. ತಟ್ಟೆಯಲ್ಲಿ ತಿಂಡಿ ಇನ್ನೂ ಇತ್ತು.

ಅವಳು ತನ್ನ ತಟ್ಟೆಯ ಪಕ್ಕದಲ್ಲಿದ್ದ ಕೀಲಿ ತೆಗೆದುಕೊಂಡು ಹೊರಟಳು.

"ಎಲ್ಲಿಗೆ? ಇವತ್ತು ರಜಾ ಅಲ್ವಾ?" ಎಂದ ಗಂಡ.

"ಹೊಸ ಪ್ಯಾಡು ಕೂರಿಸ್ಬೇಕು."

ಊರಾಚೆ ಗೋದಾಮುಗಳ ಸಾಲಿನ ಹಿಂದೆ ಒಂದು ನೇರ ರಸ್ತೆಯಿತ್ತು. ವಾರದ ದಿನಗಳಲ್ಲಿ ಲಾರಿಗಳು ತುಂಬಿರುವ ಜಾಗ. ಭಾನುವಾರ ಎಲ್ಲ ಬಾಗಿಲುಗಳೂ ಮುಚ್ಚಿ, ಬಿಸಿಲು ಬಿಟ್ಟರೆ ಇನ್ನೊಂದಿಲ್ಲ. ಅವಳು ಗಾಜು ಏರಿಸಿಕೊಂಡಳು. ವೇಗ ಅರವತ್ತು ದಾಟಿತು. ಇಷ್ಟು ವೇಗ ಅವಳಿಗೆ ಹೊಸದು. ಸ್ಟೀರಿಂಗು ಅಂಗೈಯಲ್ಲಿ ಸಣ್ಣಗೆ ನಡುಗಿತು. ಈಗ, ಎಂದುಕೊಂಡು ಕಾಲನ್ನು ಬ್ರೇಕಿನ ಮೇಲೆ ತಂದಳು.

ಕಾಲು ಮೊಟ್ಟೆಯ ಮೇಲೆ ಇಳಿದಂತೆ ಇಳಿಯಿತು. ಕಾರು ಮೆಲ್ಲನೆ, ಮೆಲ್ಲನೆ ವೇಗ ಬಿಟ್ಟುಕೊಟ್ಟಿತು.

ರಸ್ತೆಯ ಕೊನೆಯಲ್ಲಿ ತಿರುಗಿಸಿಕೊಂಡು ಬಂದಳು. ಎರಡನೆಯ ಸಲ, "ಒತ್ತು," ಎಂದು ಬಾಯಿಬಿಟ್ಟು ಹೇಳಿದಳು. ಮೂರನೆಯ ಸಲಕ್ಕೆ ಚಪ್ಪಲಿ ಕಳಚಿದಳು. ಬರಿಗಾಲಿಗೆ ರಬ್ಬರಿನ ಗೆರೆಗಳು ತಣ್ಣಗೆ ತಾಕಿದವು. ಹಲ್ಲು ಕಚ್ಚಿ, ಬೆನ್ನನ್ನು ಸೀಟಿಗೆ ಒತ್ತಿ, ಸೊಂಟದಿಂದ ಕೆಳಗಿನ ಭಾರವನ್ನೆಲ್ಲ ಆ ಕಾಲಿಗೆ ಕಳಿಸಿದಳು. ಭಾರ ಮೊಣಕಾಲಿನವರೆಗೆ ಬರುತ್ತಿತ್ತು. ಮೀನಖಂಡ ಕಲ್ಲಾಗುತ್ತಿತ್ತು. ಪಾದಕ್ಕೆ ಮಾತ್ರ ಏನೂ ಇಳಿಯುತ್ತಿರಲಿಲ್ಲ. ಕಾಲು ತನ್ನದಲ್ಲವೆಂಬಂತೆ, ಇಷ್ಟೇ, ಇಷ್ಟೇ ಸಾಕು ಎನ್ನುತ್ತ, ತನಗೆ ಗೊತ್ತಿದ್ದ ಹದವನ್ನಷ್ಟೇ ಕೊಡುತ್ತಿತ್ತು.

ಐದನೆಯ ಸಲ ಅವಳು ಗಂಟಲು ಹರಿಯುವಂತೆ ಕೂಗಿಕೊಂಡಳು. ಕಾರು ಯಾರನ್ನೋ ಇಳಿಸುವುದಕ್ಕೆಂದು ಬದಿಗೆ ಬಂದಂತೆ, ಒಂದಿಷ್ಟೂ ಕುಲುಕದೆ ನಿಂತಿತು. ಗೋದಾಮಿನ ಗೋಡೆಯ ನೆರಳಿನಲ್ಲಿ ಮಲಗಿದ್ದ ನಾಯಿಯೊಂದು ಕತ್ತೆತ್ತಿ ಅವಳ ಕಡೆ ನೋಡಿತು. ಆಮೇಲೆ, ಹೆದರುವಂಥದ್ದೇನೂ ಇಲ್ಲವೆಂದು ತಿಳಿದು, ಮುಂಗಾಲುಗಳ ಮೇಲೆ ಮತ್ತೆ ತಲೆಯಿಟ್ಟಿತು.