ಹುಣ್ಣಿಮೆಗೆ ಕಾದ ದೋಣಿ

ನಾನು ಒಂದು ಸಣ್ಣ ಹಾಯಿದೋಣಿ. ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಮಾಸ್ತಪ್ಪ ಅಂಬಿಗನ ಮನೆಯಂಗಳದಲ್ಲಿ, ಸೋಗೆ ಚಪ್ಪರದ ಕೆಳಗೆ ಹುಟ್ಟಿದೆ. ಹೆಬ್ಬಲಸಿನ ಹಲಗೆ ನನ್ನ ಮೈ. ಬೇರೆ ದೋಣಿಗಳೆಲ್ಲ ನುರಿತ ಬಡಗಿಗಳ ಕೈಯಲ್ಲಿ ಹುಟ್ಟುತ್ತವೆ. ನನ್ನನ್ನು ಕಟ್ಟಿದವನು ಅದಕ್ಕೆ ಮುಂಚೆ ಕೂರುವ ಮಣೆಯೊಂದನ್ನೂ ಮಾಡಿದವನಲ್ಲ. ಅದಕ್ಕೇ ನನ್ನ ಎಡಗಡೆ ಹೊಟ್ಟೆ ಬಲಗಡೆಗಿಂತ ತುಸು ಉಬ್ಬಿದೆ. ನೋಡಿದವರು ನಗುತ್ತಾರೆ, ನನಗೂ ಅಭ್ಯಾಸವಾಗಿದೆ.

ಮಾಸ್ತಪ್ಪ ಇನ್ನೊಬ್ಬರ ತಾರಿ ದೋಣಿ ನಡೆಸುತ್ತಿದ್ದವನು. ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವುದೇ ಅವನ ಬದುಕು. ಚೌತಿ ಬಂದರೆ, ದೀಪಾವಳಿ ಬಂದರೆ, ಊರ ಹೆಣ್ಣುಮಕ್ಕಳೆಲ್ಲ ಅವನ ದೋಣಿಯಲ್ಲೇ ತವರಿಗೆ ಹೋಗುತ್ತಿದ್ದರು. ಅವನ ಹೆಂಡತಿ ಮಾದೇವಿಯ ತವರು ಹೊಳೆಯ ನಡುವಿನ ಕುರ್ವೆಯಲ್ಲಿ. ಆ ದ್ವೀಪ ತಾರಿಯ ದಾರಿಯಲ್ಲಿರಲಿಲ್ಲ. ಹಬ್ಬದ ದಿನ ಗಂಡನಿಗೆ ಬಿಡುವಿಲ್ಲ. ಹಾಗಾಗಿ ಅವಳು ಯಾರಾದರೂ ಆ ಕಡೆ ಹೊರಟರೆ ಅವರ ದೋಣಿಯ ಮೂಲೆಯಲ್ಲಿ ಮುದುಡಿ ಕೂತು ಹೋಗುತ್ತಿದ್ದಳು. ನಮ್ಮದೇ ದೋಣಿ ಮಾಡಿ ಕರೆದುಕೊಂಡು ಹೋಗುತ್ತೇನೆ ಎಂದು ಮದುವೆಯಾದ ಹೊಸದರಲ್ಲಿ ಅವನು ಹೇಳಿದ್ದನಂತೆ. ಹೇಳಿದ್ದು ಹಾಗೇ ಉಳಿಯಿತು.

ಆ ಬೇಸಿಗೆಯಲ್ಲಿ ಮಾದೇವಿಯ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿದರು. ಮಾಸ್ತಪ್ಪ ತಾರಿಯ ಕೆಲಸ ಬಿಟ್ಟು ಹಲಗೆ ತಂದು ಹಾಕಿದ. ಮಳೆಗೆ ಮುಂಚೆಯೇ ಕುರ್ವೆಗೆ ಹೇಳಿ ಕಳಿಸಿದ: ಶ್ರಾವಣದ ನೂಲ ಹುಣ್ಣಿಮೆ ಹೊತ್ತಿಗೆ ಮಾದೇವಿ ಸ್ವಂತ ದೋಣಿಯಲ್ಲಿ ಬರುತ್ತಾಳೆ ಎಂದು.

ಮಾದೇವಿ ಜಗಲಿಯಲ್ಲಿ ಮಲಗಿಕೊಂಡೇ ನನ್ನ ಮೇಸ್ತ್ರಿಯಾದಳು. ಹಲಗೆ ಸೊಟ್ಟ, ಮೊಳೆ ಸೊಟ್ಟ, ಕಟ್ಟುವವನೇ ಸೊಟ್ಟ ಎಂದು ಗಂಡನನ್ನು ಕಾಡುತ್ತಿದ್ದಳು. ನೋವು ಕಡಿಮೆಯಿದ್ದಾಗ ಮಾದರಪಾಟು ಬಟ್ಟೆ ಜೋಡಿಸಿ ಹಾಯಿ ಹೊಲಿದಳು. ಹಲಗೆ ಕೊಳೆಯದಿರಲೆಂದು ನನ್ನ ಮೈಗೆ ಗೇರೆಣ್ಣೆ ಬಳಿದಾಗ ಆ ವಾಸನೆಗೆ ಅವಳಿಗೆ ವಾಂತಿಯಾಯಿತು. ಮಾಸ್ತಪ್ಪ ನನ್ನನ್ನು ಬೇಲಿಯ ಹತ್ತಿರಕ್ಕೆ ಎಳೆದೊಯ್ದ. "ತನ್ನಿ ಇಲ್ಲಿ ಅದನ್ನ. ವಾಸನೆ ಬಂದ್ರೆ ಬರಲಿ, ನನಗೆ ಕಾಣೂಕಾದ್ರೂ ಆಗ್ಲಿ" ಎಂದಳು. ಅವನು ಮತ್ತೆ ಎಳೆದು ತಂದ. ನನ್ನನ್ನು ಅಷ್ಟು ಆಸೆಯಿಂದ ನೋಡಿದವರು ಇನ್ನೊಬ್ಬರಿಲ್ಲ.

ಆಷಾಢ ಮುಗಿಯುವ ಮೊದಲೇ ನಾನು ತಯಾರಾದೆ. ಆಗ ಮಳೆ ಸ್ವಲ್ಪ ಹೊಳವಾಯಿತು. ಹೊಳೆ ತಣ್ಣಗಾಯಿತು, ಹಿತವಾದ ಪಡುಗಾಳಿ ಬೀಸಿತು. ಮಾದೇವಿ ತಾನೇ ಎದ್ದು ಕೂತು ತಲೆ ಬಾಚಿಕೊಂಡಳು.

"ಗಾಳಿ ಕಾಣಿ, ಹೇಳಿ ಮಾಡಿಸಿದ ಹಾಂಗೆ ಅದೆ. ಇವತ್ತೇ ಹೋಗ್ವ. ಅವ್ವಿ ಕೈಯಿಂದ ಒಂದು ಗಂಜಿ ಉಂಡ್ಕಂಡು ಬತ್ತೆ."

ಮಾಸ್ತಪ್ಪನ ಮುಖ ಸಪ್ಪಗಾಯಿತು. ನೂಲ ಹುಣ್ಣಿಮೆಯ ದಿನ ಗಂಗೆಗೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಹೊಸ ದೋಣಿ ನೀರಿಗೆ ಇಳಿಯಬೇಕು. ಅವನ ಅಪ್ಪ, ಅಜ್ಜ ಯಾರೂ ಇದನ್ನು ಮೀರಿದವರಲ್ಲ.

"ಕಾಯಿ ಬಿಡದೆ ಇಳಿಸೂಕೆ ಆಗೂದಿಲ್ಲ ಮಾರಾಯ್ತಿ. ನಿನ್ನ ಜೀವಕ್ಕೇ ಬಂದ್ರೆ?"

"ನನ್ನ ಜೀವಕ್ಕೆ ಬರೂಕೆ ಇನ್ನೆಂತ ಉಳದದೆ?"

ಯಾರದಾದರೂ ಹಳೆಯ ದೋಣಿ ಕೇಳಿ ತರುತ್ತೇನೆ ಎಂದ. "ಇಷ್ಟು ವರ್ಷ ಬೇರೆಯೋರ ದೋಣಿಲೇ ಹೋದೆ" ಎಂದಷ್ಟೇ ಹೇಳಿ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮತ್ತೆ ಕೇಳಲಿಲ್ಲ. ಕೇಳಿದ್ದರೆ ಅವನು ಸೋಲುತ್ತಿದ್ದನೇನೋ. ಚಪ್ಪರದ ಕೆಳಗೆ ನಾನು ಒಳಗೊಳಗೇ ಕುದಿಯುತ್ತಿದ್ದೆ. ದೋಣಿಗೆ ಕಾಲಿಲ್ಲ, ಇದ್ದಿದ್ದರೆ ಅವಳನ್ನು ಹೊತ್ತುಕೊಂಡು ನಡೆದೇ ಬಿಡುತ್ತಿದ್ದೆ.

ಮಳೆ ಮತ್ತೆ ಹಿಡಿಯಿತು. ಹೊಳೆ ಕೆಂಪಾಗಿ ಉಕ್ಕಿ ಬಂತು. ಆ ನೆರೆಯಲ್ಲೇ ಮಾದೇವಿ ತೀರಿಕೊಂಡಳು. ಕುರ್ವೆಗೆ ಸುದ್ದಿ ಮುಟ್ಟಿಸಲು ಯಾವ ದೋಣಿಯೂ ಹೋಗುವಂತಿರಲಿಲ್ಲ. ತವರಿನವರು ಒಬ್ಬರೂ ಇಲ್ಲದೆ ಅವಳ ಮಣ್ಣಾಯಿತು.

ನೆರೆ ಇಳಿದ ಬೆಳಿಗ್ಗೆ ಮಾಸ್ತಪ್ಪ ಅಕ್ಕಪಕ್ಕದವರ ಸಹಾಯದಿಂದ ನನ್ನನ್ನು ನೀರಿಗೆ ನೂಕಿದ. ಹುಣ್ಣಿಮೆ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಸೂತಕ, ಕಾಯಿ ಬಿಡುವಂತೆಯೂ ಇಲ್ಲ. ಯಾವುದಕ್ಕೆ ಹೆದರಿ ಕಾದಿದ್ದನೋ ಅದನ್ನೇ ಅವನು ಮಾಡಿದ. ಹಾಯಿ ಕಟ್ಟಿದ್ದ, ಆದರೆ ಬಿಚ್ಚಲಿಲ್ಲ. ಹುಟ್ಟು ಹಾಕುತ್ತಲೇ ಹೋದ. ಮೊದಲ ಸಲ ನೀರು ತಾಗಿದಾಗ ದೋಣಿಗೆ ಸಂತೋಷವಾಗುತ್ತದೆ ಎನ್ನುತ್ತಾರೆ. ನನಗೆ ಅಳು ಬಂತು.

ಕುರ್ವೆಯ ದಡದಲ್ಲಿ ಮಾದೇವಿಯ ತಮ್ಮ ಬೊಮ್ಮಯ್ಯ ನಿಂತಿದ್ದ. "ಅವ್ವೀ, ಭಾವನ ಹೊಸ ದೋಣಿ ಬಂತು" ಎಂದು ದೂರದಿಂದಲೇ ಕೂಗಿದ. ಕಣ್ಣಿಗೆ ಪೊರೆ ಬಂದ ತಾಯಿ ಸೋಮಿ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದೇ ಬಂದಳು. ನನ್ನ ಮೂತಿ ಅವಳ ಕೈಗೆ ಸಿಕ್ಕಿತು. ಅಂಚು ಸವರುತ್ತ ಬಂದಳು.

"ಚಲೋ ಮಾಡಿದ್ರಿ ಅಳಿಯಂದ್ರೆ. ಮಾದೇವಿ, ಇಳಿಯೇ ಮಗಾ, ಗಂಜಿ ಬಿಸಿ ಅದೆ."

ಮುದುಕಿ ಒಳಗೆ ಬಾಗಿ ಕೂರುವ ಹಲಗೆಯನ್ನು ತಡವಿದಳು. ಈ ತುದಿಯಿಂದ ಆ ತುದಿಯವರೆಗೂ ತಡವಿದಳು. ಕೊನೆಗೆ ಕೈ ಅಳಿಯನ ಮೊಣಕಾಲಿಗೆ ತಾಗಿತು. ಅಲ್ಲೇ ನಿಂತಿತು.

"ನನ್ನ ಮಗಳನ್ನ ಎಲ್ಲಿ ಬಿಟ್ಟು ಬಂದ್ಯೋ?"

ಅಳಿಯನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವನು ಅವಳ ಕೈ ಮೇಲೆ ಹಣೆಯಿಟ್ಟು ಅತ್ತ.

ಅವನು ನನ್ನನ್ನು ಅಲ್ಲಿಯೇ ಬಿಟ್ಟು ಬೊಮ್ಮಯ್ಯನ ಪಾತಿದೋಣಿಯಲ್ಲಿ ಮನೆಗೆ ಹೋದ. ಮತ್ತೆಂದೂ ನನ್ನ ಹುಟ್ಟು ಮುಟ್ಟಲಿಲ್ಲ. ಮಾದೇವಿ ಹೊಲಿದ ಹಾಯಿಯನ್ನು ಮುದುಕಿ ಬಿಚ್ಚಿಸಿಕೊಂಡು ಸಾಯುವವರೆಗೂ ಹೊದ್ದು ಮಲಗಿದಳು. ಬೊಮ್ಮಯ್ಯ ಬೇರೆ ಹಾಯಿ ಕಟ್ಟಿದ. ಅವನ ಕೈಯಲ್ಲಿ, ಆಮೇಲೆ ಅವನ ಮಗನ ಕೈಯಲ್ಲಿ ನಾನು ಚಿಪ್ಪಿ ಹೊತ್ತೆ, ಅಕ್ಕಿ ಹೊತ್ತೆ, ಆಡು ಹೊತ್ತೆ. ಚೌತಿಗೆ ಕುರ್ವೆಯ ಹೆಣ್ಣುಮಕ್ಕಳನ್ನೆಲ್ಲ ತವರಿಗೆ ತಂದೆ. ಒಬ್ಬೊಬ್ಬಳು ನಗುತ್ತ ಇಳಿಯುವಾಗಲೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಈಗ ತೆಂಗಿನ ಬುಡದಲ್ಲಿ ಬೋರಲು ಬಿದ್ದಿದ್ದೇನೆ. ತಳದ ಹಲಗೆ ಗೆದ್ದಲು ತಿಂದಿದೆ. ಯಾರ ಮೇಲೆ ಸಿಟ್ಟು ಮಾಡಲಿ? ಹೆಂಡತಿ ಬದುಕಲಿ ಎಂದೇ ಅವನು ಕಾದ. ಬದುಕುವುದಿಲ್ಲ ಎಂದೇ ಅವಳು ಅವಸರಪಟ್ಟಳು. ನಾನು ಇಬ್ಬರ ನಡುವೆ, ಎಲ್ಲ ತಯಾರಾಗಿ, ಆ ಅಂಗಳದಲ್ಲಿ ಸುಮ್ಮನೆ ಕೂತಿದ್ದೆ. ಅಲ್ಲಿಂದ ಹೊಳೆಗೆ ಒಂದು ಕೂಗಳತೆಯೂ ಇರಲಿಲ್ಲ.