ಪರದೆಯ ಹಿಂದಿನ ಅಳತೆ

ಗುಂಡಿಯ ಉಬ್ಬಸದ ಪಂಪು ನಿಂತಿದೆ ಎಂದು ಇಡೀ ಬೀದಿ ನಂಬಿತ್ತು. ನಿಂತಿರಲಿಲ್ಲ. ಆ ಸಂಗತಿ ಗೊತ್ತಿದ್ದದ್ದು ಇಬ್ಬರಿಗೇ, ಗುಂಡಿಗೆ ಮತ್ತು ಅವಳ ತಾಯಿಗೆ.

ಗುಂಡಿ ಏಳು ವರ್ಷದ ಹುಡುಗಿ. ತಾಯಿಯ ಹೊಲಿಗೆ ಅಂಗಡಿಯ ನೆಲದ ಮೇಲೆ ಚಿಂದಿ ಬಟ್ಟೆಯ ನಡುವೆ ಉರುಳಾಡಿಕೊಂಡು ಬೆಳೆದವಳು. ಬಿದ್ದ ಅಂಗಿಗುಂಡಿಗಳನ್ನೆಲ್ಲ ಹೆಕ್ಕಿ ತಂದು ಕೊಡುತ್ತಿದ್ದಳೆಂದು ಆ ಹೆಸರು. ತಾಯಿಯನ್ನು ಬೀದಿಯವರು ಟೈಲರಮ್ಮ ಎನ್ನುತ್ತಿದ್ದರು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ: ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಮೇಜು, ಮೂಲೆಯಲ್ಲಿ ಹೊಸ ಬಟ್ಟೆ ಹಾಕಿಕೊಂಡು ನೋಡುವುದಕ್ಕೆ ಪರದೆ ಎಳೆದ ಮೂರಡಿ ಜಾಗ. ಟೈಲರಮ್ಮ ಹೊಲಿದರೆ ಪಕ್ಕದ ಕುರ್ಚಿಯಲ್ಲಿ ಅವಳ ಅತ್ತೆ ಕಾಜ ಹಾಕಿ, ಅಂಚು ಮಡಚಿ ಕೊಡುತ್ತಿದ್ದರು. ಕೈಯನ್ನೂ ಬಾಯನ್ನೂ ಒಟ್ಟಿಗೆ ಓಡಿಸುವುದರಲ್ಲಿ ಅತ್ತೆಯದು ಎತ್ತಿದ ಕೈ. ಗಂಡ ಕಾರ್ಖಾನೆಯಲ್ಲಿ ಲೇತು ತಿರುಗಿಸುತ್ತಿದ್ದ. ಮನೆಯಲ್ಲಿ ಅಮ್ಮ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ. ಅವನನ್ನು ಇಲ್ಲಿಗೇ ಬಿಡೋಣ.

ಗುಂಡಿಗೆ ಎರಡು ತಾಪತ್ರಯ. ಒಂದು ಉಬ್ಬಸ. ಇನ್ನೊಂದು, ಕಡಲೆಕಾಯಿಯ ಒಂದು ಚೂರು ಬಾಯಿಗೆ ಬಿದ್ದರೂ ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ಮನೆಯವರ ಜೀವ ಬಾಯಿಗೆ ಬರುತ್ತಿತ್ತು. ಮಕ್ಕಳ ಡಾಕ್ಟರು ಎರಡು ಪಂಪು ಕೊಟ್ಟಿದ್ದರು. ಕಂದು ಬಣ್ಣದ್ದು ಉಬ್ಬಸ ಬಾರದಿರಲೆಂದು ಬೆಳಿಗ್ಗೆ, ಸಂಜೆ ತಪ್ಪದೆ ಎಳೆಯಬೇಕಾದದ್ದು. ನೀಲಿಯದು, ಬಂದೇಬಿಟ್ಟರೆ ತಕ್ಷಣಕ್ಕೆ. ಎರಡನ್ನೂ ಒಂದು ಉದ್ದನೆಯ ಪ್ಲಾಸ್ಟಿಕ್ ಡಬ್ಬಿಗೆ ಸಿಕ್ಕಿಸಿ, ಮೂಗು ಬಾಯಿ ಮುಚ್ಚುವಂತೆ ಹಿಡಿದು, ನಿಧಾನವಾಗಿ ಉಸಿರಾಡಬೇಕು.

ಆ ಡಬ್ಬಿಯನ್ನು ಕಂಡರೆ ಅತ್ತೆಗೆ ಮೈಯೆಲ್ಲ ಉರಿ.

"ಎಳೇ ಮಗು ಕಣೇ ಅದು. ಜೀವಮಾನ ಪೂರ್ತಿ ಅದನ್ನೇ ಚೀಪ್ಕೊಂಡು ಕೂತಿರಬೇಕಾ? ನಾಳೆ ಅದೇ ಚಟ ಆಗುತ್ತೆ ನೋಡು."

"ಚಟ ಅಲ್ಲ ಅತ್ತೆ, ಔಷಧಿ."

"ಕುಡಿಯೋನೂ ಹಾಗೇ ಹೇಳ್ತಾನೆ."

ಹೀಗೆಂದು ಅತ್ತೆಗೆ ಮೊಮ್ಮಗಳ ಮೇಲೆ ಪ್ರೀತಿ ಇರಲಿಲ್ಲ ಎಂದುಕೊಳ್ಳಬೇಡಿ. ಪ್ರೀತಿ ಹೆಚ್ಚಾಗಿಯೇ ಈ ಪಾಡು. ಸಾಸಿವೆ ಎಣ್ಣೆ ಬಿಸಿ ಮಾಡಿ ಎದೆಗೆ ತಿಕ್ಕಿ ಆಯಿತು. ಬೆಳ್ಳುಳ್ಳಿ ಪೋಣಿಸಿ ಕೊರಳಿಗೆ ಹಾಕಿ ಆಯಿತು. ಆ ವಾರವೆಲ್ಲ ಕ್ಲಾಸಿನಲ್ಲಿ ಗುಂಡಿಯ ಪಕ್ಕ ಯಾರೂ ಕೂರಲಿಲ್ಲ. ಯಾರೋ ಕೊಟ್ಟ ಸಕ್ಕರೆ ಗುಳಿಗೆಗಳನ್ನು ಗುಂಡಿ ಒಂದೇ ಸಲಕ್ಕೆ ಬಾಯಿಗೆ ಸುರಿದುಕೊಂಡು, ಇನ್ನೂ ಬೇಕೆಂದಳು. ಕೊನೆಗೆ ಅತ್ತೆಗೆ ಪುಡಿಯಜ್ಜನ ವಿಳಾಸ ಸಿಕ್ಕಿತು. ಅವನು ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವನು, ಈಗ ಉಬ್ಬಸ ರಿಪೇರಿಗೆ ಇಳಿದಿದ್ದ. ಮೂರು ತಿಂಗಳು, ದಿನಕ್ಕೊಂದು ಚಮಚ ಪುಡಿ, ಜೇನಿನಲ್ಲಿ ಕಲೆಸಿ. ಷರತ್ತು ಒಂದೇ, ಪಂಪು ಮುಟ್ಟುವಂತಿಲ್ಲ. ಮೂರು ತಿಂಗಳಾದ ಮೇಲೆ ಕಡಲೆಕಾಯಿಯನ್ನೂ ಹೊಟ್ಟೆ ತುಂಬ ತಿನ್ನಬಹುದು!

ಟೈಲರಮ್ಮ ಆಗುವುದಿಲ್ಲ ಎಂದಳು. ಅತ್ತೆ ಎರಡು ದಿನ ಊಟ ಬಿಟ್ಟರು. "ನನ್ನ ಮಾತಿಗೆ ಈ ಮನೇಲಿ ಮೂರು ಕಾಸಿನ ಬೆಲೆ ಇಲ್ಲ" ಎಂದು ಬಂದ ಗಿರಾಕಿಗಳ ಮುಂದೆಲ್ಲ ಕಣ್ಣೊರೆಸಿಕೊಂಡರು. ಮೂರನೆಯ ದಿನ ಟೈಲರಮ್ಮನಿಗೆ ಸಾಕುಸಾಕಾಗಿ ಹೋಯಿತು. "ಆಯ್ತು ಅತ್ತೆ, ಪುಡಿ ಕೊಡೋಣ, ಪಂಪು ಬಿಡಿಸೋಣ" ಎಂದುಬಿಟ್ಟಳು.

ಎಂದವಳು ಮಾರನೆಯ ದಿನವೇ ಒಂದು ಚಿಟಿಕೆ ಪುಡಿ ಕಟ್ಟಿಕೊಂಡು ಡಾಕ್ಟರ ಬಳಿಗೆ ಹೋದಳು. ಡಾಕ್ಟರು ಬೈಯಲಿಲ್ಲ. "ಇದರಲ್ಲಿ ಏನಿದೆ ಅಂತ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಕಡಲೆಕಾಯಿ ಹಾಕಿಲ್ಲ ಅಂತ ಅವರು ಹೇಳ್ತಾರಾ, ಕೇಳಿ ನೋಡಿ. ಪಂಪು ಮಾತ್ರ ಒಂದು ದಿನಾನೂ ಬಿಡಬೇಡಿ" ಎಂದರು. ಅಲ್ಲಿಂದ ನೇರವಾಗಿ ಪುಡಿಯಜ್ಜನಲ್ಲಿಗೆ ಹೋಗಿ ಕೇಳಿದಳು. "ಅದು ನಮ್ಮ ಮನೆತನದ ಗುಟ್ಟು ಕಣಮ್ಮ" ಎಂದ ಅವನು.

ಮನೆಗೆ ಬಂದವಳೇ ಪುಡಿಯನ್ನು ಬಚ್ಚಲಿಗೆ ಸುರಿದಳು. ಅಕ್ಕಿಹಿಟ್ಟನ್ನು ಕೆಂಪಗೆ ಹುರಿದು, ಚಿಟಿಕೆ ಶುಂಠಿ ಬೆರೆಸಿ, ಅದೇ ಡಬ್ಬಕ್ಕೆ ತುಂಬಿಟ್ಟಳು. ಅತ್ತೆ ದಿನವೂ ಶ್ರದ್ಧೆಯಿಂದ ಅಕ್ಕಿಹಿಟ್ಟಿಗೆ ಜೇನು ಕಲೆಸಿ ತಿನ್ನಿಸಿದರು. ಪಂಪುಗಳು ಪರದೆಯ ಹಿಂದಿನ ಗೂಡಿಗೆ ಹೋದವು. ಬೆಳಿಗ್ಗೆ ಸ್ಕೂಲಿಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ ಟೈಲರಮ್ಮ ಕೂಗುತ್ತಿದ್ದಳು: "ಗುಂಡೀ, ಅಳತೆ ಕೊಡು ಬಾ!"

ಗುಂಡಿ ಪರದೆಯ ಹಿಂದೆ ಓಡುತ್ತಿದ್ದಳು. ಮಿಷನ್ನಿನ ಮೋಟಾರು ಸುಮ್ಮನೆ ಓಡುತ್ತಿರುತ್ತಿತ್ತು, ಪಂಪಿನ ಸದ್ದು ಕೇಳಿಸದಿರಲಿ ಎಂದು.

"ಇದೇನೇ, ದಿನಾ ಎರಡೆರಡು ಸಲ ಅಳೀತೀಯ? ಅಷ್ಟು ಬೇಗ ಬೆಳೀತಾ ಇದಾಳಾ?" ಎಂದು ಅತ್ತೆ ಒಮ್ಮೆ ಕೇಳಿದರು.

"ನಿಮ್ಮ ಪುಡಿ ಅಲ್ವಾ ಅತ್ತೆ" ಎಂದಳು ಟೈಲರಮ್ಮ. ಪರದೆಯ ಹಿಂದೆ ಗುಂಡಿ ಕಿಸಕ್ಕೆಂದಳು.

ನಿಜ ಹೇಳಬೇಕೆಂದರೆ ಟೈಲರಮ್ಮನಿಗೆ ಆ ದಿನಗಳು ಹಿತವಾಗಿದ್ದವು. ಕಂದು ಪಂಪು ತಪ್ಪದೆ ಬೀಳುತ್ತಿದ್ದುದರಿಂದ ಗುಂಡಿ ಕೆಮ್ಮಲಿಲ್ಲ, ಮೆಟ್ಟಿಲು ಹಾರಿದಳು, ಅಂಗಡಿಯ ಮುಂದೆ ಕುಣಿದಳು. ಮನೆಯಲ್ಲಿ ಜಗಳವಿಲ್ಲ. ಅತ್ತೆಯ ಮುಖದಲ್ಲಿ ವರ್ಷಗಳಿಂದ ಕಾಣದಿದ್ದ ಕಳೆ. ಇದರಿಂದ ಯಾರಿಗೇನು ನಷ್ಟ ಎಂದುಕೊಂಡಿದ್ದಳು ಪುಣ್ಯಾತ್ಗಿತ್ತಿ.

ಅತ್ತೆಯ ಬಾಯಿಯನ್ನು ಮರೆತಿದ್ದಳು. ಅತ್ತೆ ಬೀದಿಗೆಲ್ಲ ಟಾಂ ಟಾಂ ಹೊಡೆಯುತ್ತಿದ್ದರು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವರಿಗೂ ಪುಡಿ, ಜಿಪ್ಪು ಹಾಕಿಸಲು ಬಂದವರಿಗೂ ಪುಡಿ. ಸ್ಕೂಲಿನ ವ್ಯಾನು ಓಡಿಸುವವಳು, ಮಕ್ಕಳೆಲ್ಲ ವ್ಯಾನಕ್ಕ ಎನ್ನುವವಳು, ಒಂದು ದಿನ ಬ್ಲೌಸು ಹಾಕಿ ನೋಡಲು ಬಂದಿದ್ದಳು. ಅವಳ ಐದು ವರ್ಷದ ಮಗನಿಗೂ ಉಬ್ಬಸ.

"ನಿಜವಾಗ್ಲೂ ಪೂರ್ತಿ ಬಿಟ್ಟಿದಾಳಾ ಅಜ್ಜಿ?"

"ಎರಡು ತಿಂಗಳಾಯ್ತು, ಮುಟ್ಟಿಲ್ಲ. ಬೇಕಾದ್ರೆ ಇವಳನ್ನೇ ಕೇಳು."

ವ್ಯಾನಕ್ಕ ತಿರುಗಿ ನೋಡಿದಳು. ಟೈಲರಮ್ಮ ಅವಳ ತೋಳಿನ ಹೊಲಿಗೆ ಗುರುತು ಮಾಡುತ್ತಿದ್ದಳು. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದಳು. ಸೂಜಿ ತೆಗೆದು ಮಾತಾಡಬಹುದಿತ್ತು. ತೆಗೆಯಲಿಲ್ಲ. ಅತ್ತೆ ಅಲ್ಲೇ ಇದ್ದರಲ್ಲ. ಆಮೇಲೆ ಇವಳೊಬ್ಬಳೇ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡು "ಹ್ಞೂಂ" ಎಂದಳು. ವ್ಯಾನಕ್ಕ ಒಬ್ಬಳೇ ಸಿಗಲಿಲ್ಲ. ಟೈಲರಮ್ಮನೂ ಹುಡುಕಿಕೊಂಡು ಹೋಗಲಿಲ್ಲ.

ಮೂರು ವಾರದ ಮೇಲೆ ವ್ಯಾನಕ್ಕ ಮಗನನ್ನು ಕರೆದುಕೊಂಡು ಬಂದಳು, ಯೂನಿಫಾರಮ್ಮಿಗೆ. ಮುಖ ಅರಳಿಸಿಕೊಂಡು ಅತ್ತೆಯ ಪಕ್ಕ ಕೂತಳು.

"ನಾವೂ ಪಂಪು ಬಿಟ್ವಿ ಅಜ್ಜಿ! ಇವತ್ತಿಗೆ ಹನ್ನೊಂದು ದಿನ. ನೆನ್ನೆಯಿಂದ ಸ್ವಲ್ಪ ಕೆಮ್ಮು ಅಷ್ಟೇ."

"ಒಳಗಿರೋದು ಹೊರಗೆ ಬರಬೇಕಲ್ಲಮ್ಮ. ಹೆದರಬೇಡ" ಎಂದರು ಅತ್ತೆ.

ಟೈಲರಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿಕೊಂಡು ಎದೆಗೆ ಟೇಪು ಸುತ್ತಿದಳು. ದಿನಕ್ಕೆ ಹತ್ತು ಎದೆ ಅಳೆಯುವ ಕೈ ಅದು. ಟೇಪು ಒಂದು ಕಡೆ ನಿಲ್ಲಬೇಕು. ಇವನ ಮೇಲೆ ನಿಲ್ಲಲೇ ಇಲ್ಲ. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಹೋಗುತ್ತಿತ್ತು. ಟೇಪಿನ ಕೆಳಗೆ ಬೆರಳಿಗೆ ಅವನ ಎದೆಯ ಸಣ್ಣ ನಡುಕ, ಕಿವಿಗೆ ಸಿಳ್ಳಿನಂಥ ಸದ್ದು. ಗಂಟಲ ಗುಳಿ ಕುಸಿಯುತ್ತಿತ್ತು.

"ನಿನ್ನ ಹೆಸರೇನು ಹೇಳು ಪುಟ್ಟ" ಎಂದಳು. ಹುಡುಗ ಬಾಯಿ ತೆರೆದ. ಎರಡು ಅಕ್ಷರಕ್ಕೆ ಉಸಿರು ಸಾಲಲಿಲ್ಲ.

"ಇವನ ನೀಲಿ ಪಂಪು ಎಲ್ಲಿ?"

"ಮನೇಲಿ, ಬೀರುವಿನಲ್ಲಿ. ಯಾಕೆ?"

ಟೈಲರಮ್ಮ ಪರದೆ ಸರಿಸಿ ಗೂಡಿಗೆ ಕೈ ಹಾಕಿದಳು. ನೀಲಿ ಪಂಪನ್ನು ಕುಲುಕಿ, ಡಬ್ಬಿಗೆ ಸಿಕ್ಕಿಸಿ, ಹುಡುಗನನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಮುಖಕ್ಕೆ ಹಿಡಿದಳು. ಒಮ್ಮೆ ಒತ್ತಿದಳು. "ನಿಧಾನಕ್ಕೆ ಎಳಿ ಮರಿ, ಹಾಂ, ಇನ್ನೊಂದು ಸಲ." ಮತ್ತೆ ಕುಲುಕಿದಳು, ಮತ್ತೆ ಒತ್ತಿದಳು.

"ಅಯ್ಯೋ, ಏನೇ ಮಾಡ್ತಿದೀಯ? ಪುಡಿ ಕೆಟ್ಟುಹೋಗುತ್ತೆ!" ಅತ್ತೆ ಕುರ್ಚಿಯಿಂದ ಎದ್ದರು. ಮಡಿಲಲ್ಲಿದ್ದ ಅಂಗಿ ಕೆಳಗೆ ಬಿತ್ತು. "ಈ ಪಂಪು ಇಲ್ಲಿಗೆ ಹೇಗೆ ಬಂತು?"

"ಗುಂಡೀದು ಅತ್ತೆ. ಅವಳು ಒಂದು ದಿನಾನೂ ಬಿಟ್ಟಿಲ್ಲ. ನೀವು ಕೊಡ್ತಿರೋದು ಅಕ್ಕಿಹಿಟ್ಟು." ಕಣ್ಣು ಹುಡುಗನ ಮೇಲಿಂದ ತೆಗೆಯದೆ ಹೇಳಿದಳು. "ವ್ಯಾನಕ್ಕ, ಗಾಡಿ ಸ್ಟಾರ್ಟ್ ಮಾಡಿ. ಆಸ್ಪತ್ರೆಗೆ. ಈಗಲೇ."

ವ್ಯಾನಿನ ಹಿಂದಿನ ಸೀಟಿನಲ್ಲಿ ಟೈಲರಮ್ಮ ಹುಡುಗನನ್ನು ಹಿಡಿದುಕೊಂಡು ಕೂತಳು. ದಾರಿಯುದ್ದಕ್ಕೂ ಒಂದೊಂದಾಗಿ ಒತ್ತುತ್ತಲೇ ಹೋದಳು. ಅವನ ತುಟಿಯ ಬಣ್ಣ ಅವಳಿಗೆ ಹಿಡಿಸಲಿಲ್ಲ. ಇವನಿಗೇನಾದರೂ ಆದರೆ ಕೊಂದವಳು ನಾನೇ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದರು, ಕೈಗೆ ಸೂಜಿ ಚುಚ್ಚಿದರು. ಸಂಜೆಯ ಹೊತ್ತಿಗೆ ಹುಡುಗ ಬಿಸ್ಕತ್ತು ಕೇಳಿದ. ಎರಡು ದಿನ ಇರಲಿ ಎಂದರು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ವ್ಯಾನಕ್ಕ ಆಗ ಬಾಯಿ ಬಿಟ್ಟಳು. ದನಿ ಏರಿಸಲಿಲ್ಲ.

"ಅಜ್ಜಿ ಮೇಲೆ ನಂಗೆ ಸಿಟ್ಟಿಲ್ಲ. ಅವರು ನಂಬಿದ್ದನ್ನ ಹೇಳಿದ್ರು. ನಿಮಗೆ ಗೊತ್ತಿತ್ತು. ನಾನು ನಿಮ್ಮ ಮುಖ ನೋಡಿ ಕೇಳಿದೆ, ನೀವು ಹ್ಞೂಂ ಅಂದ್ರಿ. ಆ ಹ್ಞೂಂ ಕೇಳೇ ನಾನು ಪಂಪು ಬೀರುವಿಗೆ ಹಾಕಿದ್ದು."

"ಮನೇಲಿ ಜಗಳ ಬೇಡ ಅಂತ..." ಎಂದು ಶುರುಮಾಡಿದ ಟೈಲರಮ್ಮ ಮುಂದುವರಿಸಲಾರದೆ ನಿಲ್ಲಿಸಿದಳು. ಒಳಗೆ ಆ ಮಗು ಮುಖಕ್ಕೆ ಪೈಪು ಹಾಕಿಕೊಂಡು ಮಲಗಿತ್ತು. ಅದರ ಎದುರಿಗೆ ಈ ಮಾತು ಎಷ್ಟು ಹಗುರ ಎಂದು ಅವಳಿಗೇ ನಾಚಿಕೆಯಾಯಿತು.

ಮಾರನೆಯ ದಿನ ಅತ್ತೆ ಕಾಜ ಹಾಕಲಿಲ್ಲ. ಬೈಯಲೂ ಇಲ್ಲ. ಸೊಸೆ ಒಂದು ಮಾತು ಬೈಸಿಕೊಂಡರೆ ಸಾಕಿತ್ತು ಎಂದು ಕಾಯ್ದಳು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಚಪ್ಪಲಿ ಮೆಟ್ಟಿಕೊಂಡರು.

"ಉಬ್ಬಸದ ಮಕ್ಕಳಿರೋ ಮೂರು ಮನೆಗೆ ಹೇಳಿದೀನಿ. ಹೋಗಿ ಬರ್ತೀನಿ."

"ನಾನೂ ಬರ್ತೀನಿ ಅತ್ತೆ."

"ಬಾ. ಬರಲೇಬೇಕು ನೀನು."

ಮೊದಲ ಎರಡು ಮನೆಯಲ್ಲಿ ಅತ್ತೆಯೇ ಮಾತಾಡಿದರು. "ಪುಡಿ ವಿಷಯ ನಾನು ಹೇಳಿದ್ದು ತಪ್ಪು, ಪಂಪು ಬಿಡಿಸಬೇಡಿ" ಎಂದರು. ಒಬ್ಬರು ಪುಡಿ ತಂದೇ ಇರಲಿಲ್ಲ. ಇನ್ನೊಬ್ಬರು ತಂದು, ಮಗು ಉಗುಳಿತೆಂದು ಎಸೆದಿದ್ದರು. ಟೈಲರಮ್ಮ ಹಿಂದೆ ನಿಂತು ನೆಲ ನೋಡಿದಳು.

ಮೂರನೆಯದು ಬೇಕರಿಯವಳ ಮನೆ. ಕೆಳಗೆ ಬೇಕರಿ, ಮೇಲೆ ಸಂಸಾರ. ಅವಳ ಮಗಳಿಗೆ ಮೊಟ್ಟೆ ಆಗಿಬರುವುದಿಲ್ಲ, ಉಬ್ಬಸವೂ ಇದೆ. ಸ್ವಂತ ಅಂಗಡಿಯ ಕೇಕನ್ನು ಗಾಜಿನಾಚೆಯಿಂದ ನೋಡಿಯೇ ಆರು ವರ್ಷದವಳಾಗಿದ್ದಳು. ಅತ್ತೆ ಹೇಳಿದ್ದನ್ನೆಲ್ಲ ಕೇಳಿ ಬೇಕರಿಯವಳು ನಕ್ಕಳು.

"ಏನಜ್ಜಿ ಇದು, ಕಣ್ಣಾರೆ ನೋಡಿದೀನಿ ನಾನು. ಗುಂಡಿ ನಿಮ್ಮ ಅಂಗಡಿ ಮುಂದೆ ಹೇಗೆ ಕುಣೀತಾಳೆ! ನಮಗೆ ಸಿಗಬಾರದು ಅಂತ ಈಗ ಮಾತು ತಿರುಗಿಸ್ತೀರಾ? ನಮ್ಮವಳಿಗೆ ಇವತ್ತಿಂದ ಶುರು ಮಾಡಿದೀನಿ. ಬೆಳಿಗ್ಗೆ ಪಂಪು ಕೊಟ್ಟಿಲ್ಲ."

ಅತ್ತೆ ಸೊಸೆಯ ಕಡೆ ತಿರುಗಿದರು. ಒಳಗಿನ ಕೋಣೆಯಲ್ಲಿ ಮಗು ಕೆಮ್ಮಿತು. ಟೈಲರಮ್ಮ ಅತ್ತೆಯ ಹಿಂದಿನಿಂದ ಮುಂದೆ ಬಂದಳು.

"ಸುಳ್ಳು ಹೇಳಿದ್ದು ಇವರಲ್ಲ, ನಾನು. ಪುಡಿ ಗುಂಡಿ ಹೊಟ್ಟೆಗೆ ಹೋಗೇ ಇಲ್ಲ, ಬಚ್ಚಲಿಗೆ ಸುರಿದೆ. ಅತ್ತೆ ಕಣ್ಣು ತಪ್ಪಿಸಿ ದಿನಾ ಎರಡು ಹೊತ್ತು ಪಂಪು ಕೊಟ್ಟೆ. ಹೇಳೋಕೆ ಧೈರ್ಯ ಇರಲಿಲ್ಲ. ನಾನು ಸುಮ್ನಿದ್ದಿದ್ದಕ್ಕೆ ವ್ಯಾನಕ್ಕನ ಮಗ ಆಸ್ಪತ್ರೇಲಿದಾನೆ. ಹೋಗಿ ನೋಡಿ ಬನ್ನಿ ಬೇಕಾದ್ರೆ. ಆದರೆ ಮೊದಲು ಪಂಪು ಕೊಡಿ, ಈಗ, ನಾವಿಲ್ಲೇ ಇರ್ತೀವಿ."

ಬೇಕರಿಯವಳು ಇಬ್ಬರನ್ನೂ ನೋಡಿದಳು. ನಗು ಹೋಗಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಹಾಗಾದ್ರೆ ಯಾರಿಗೂ ಏನೂ ವಾಸಿಯಾಗಿಲ್ವಾ?" ಎಂದಳು. ದನಿ ಒಡೆದಿತ್ತು. "ಮುಂದಿನ ಹುಟ್ಟುಹಬ್ಬಕ್ಕೆ ಕೇಕ್ ಕೊಡ್ತೀನಿ ಅಂತ ಮಗೂಗೆ ಹೇಳಿಬಿಟ್ಟಿದೀನಿ. ನನ್ನ ಮಗಳಿಗೆ ಆ ಪಂಪೇ ಗತಿನಾ?"

ಅತ್ತೆ ಬೇಕರಿಯವಳ ಕೈ ಹಿಡಿದುಕೊಂಡರು.

"ಪಂಪೇ ಗತಿ ಕಣಮ್ಮ" ಎಂದರು. "ನಮ್ಮವಳು ಕುಣಿದಿದ್ದು ಅದರಲ್ಲೇ."