ಗೋಡೆಗೊಂದು ಮೊಳೆ

"ಸ್ಟ್ರೆಚರ್ ತಿರುಗಲ್ಲ ಸಾರ್. ಅಜ್ಜೀನ ಕುರ್ಚೀಲಿ ಕೂರಿಸಿ, ಕಟ್ಟಿ ಇಳಿಸ್ಬೇಕು," ಎಂದ ಆಂಬುಲೆನ್ಸಿನವನು, ಮೆಟ್ಟಿಲ ತಿರುವಿನಲ್ಲಿ ನಿಂತು.

ಕಟ್ಟಿ ಎಂಬ ಮಾತು ಕೇಳಿ ದಾಕ್ಷಾಯಣಿಯ ಕೈ ತಡೆಯಿತು. ಒದ್ದೆ ಬಟ್ಟೆಯಿಂದ ಅತ್ತೆ ಈರವ್ವನ ತುಟಿ ಒರೆಸುತ್ತಿದ್ದಳು. ಹೊಟ್ಟೆಯ ಕ್ಯಾನ್ಸರು, ಅವಳು ನುಂಗುವುದನ್ನು ಬಿಟ್ಟು ನಾಲ್ಕು ದಿನವಾಗಿತ್ತು. ವಾರಕ್ಕೆರಡು ಸಲ ಮನೆಗೇ ಬಂದು ಕೊನೆಗಾಲದ ರೋಗಿಗಳನ್ನು ನೋಡುವ ಹಾಸ್ಪೈಸಿನ ನರ್ಸ್ ಕೀರ್ತಿ ನಿನ್ನೆಯಷ್ಟೇ ಹೇಳಿದ್ದಳು: "ಇನ್ನು ಎಲ್ಲಿಗೂ ಅಲುಗಾಡಿಸ್ಬೇಡಿ ಆಂಟಿ. ನೋವಿಗೆ ಈ ಔಷಧಿ ನಾಲಿಗೆ ಕೆಳಗೆ ಬಿಡ್ತಾ ಇರಿ. ಕೈ ಹಿಡ್ಕೊಂಡು ಕೂತ್ಕೊಳ್ಳಿ, ಅಷ್ಟೇ." ಹೋಗುವಾಗ ತನ್ನ ಸ್ವಂತ ನಂಬರು ಬರೆದುಕೊಟ್ಟಿದ್ದಳು, ಯಾರೂ ಕೇಳದಿದ್ದರೂ.

ಆದರೆ ಇವತ್ತು ಬೆಳಿಗ್ಗೆ ಮನೆಯ ಮಾಲೀಕ ವೇಣುಗೋಪಾಲ್ ಮೊಬೈಲಿನಲ್ಲಿ ಪಂಚಾಂಗ ಹಿಡಿದುಕೊಂಡೇ ಮೇಲೆ ಬಂದಿದ್ದ. ಸಂಜೆಯಿಂದ ಧನಿಷ್ಠಾ ಪಂಚಕ. ಆ ಐದು ನಕ್ಷತ್ರಗಳ ದಿನಗಳಲ್ಲಿ ಜೀವ ಹೋದರೆ ಮನೆಗೆ ಆರು ತಿಂಗಳು ಬೀಗ ಹಾಕಬೇಕು. "ಸಂಜೆಯೊಳಗೆ ಯಾವುದಾದ್ರೂ ನರ್ಸಿಂಗ್ ಹೋಮಿಗೆ ಸೇರಿಸ್ಬಿಡಿ. ಆಂಬುಲೆನ್ಸ್ ನಾನೇ ಕರೆಸ್ತೀನಿ," ಎಂದಿದ್ದ, ಉಪಕಾರ ಮಾಡುವವನಂತೆ. ಅವಳ ಗಂಡ ಸಂಗಮೇಶ "ಆತ್ರೀ" ಅಂದುಬಿಟ್ಟಿದ್ದ. ಅಲ್ಲಾಳಸಂದ್ರದಲ್ಲಿ ಈ ಬಾಡಿಗೆಗೆ ಇಂಥ ಮನೆ ಮತ್ತೆ ಸಿಗುವುದಿಲ್ಲವೆಂಬ ಭಯ ಅವನಿಗೆ.

ಈಗ ಅವನು ತಾಯಿಯ ಸೀರೆಗಳ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಫ್ರಿಜ್ಜಿನ ಮೇಲಿದ್ದ ಅಪ್ಪ ಪಂಚಪ್ಪನ ಫೋಟೋವನ್ನೂ ಅದರೊಳಗೆ ತುರುಕಿದ್ದ. ಮೂರು ವರ್ಷದಿಂದ ಫ್ರಿಜ್ಜೇ ಅದರ ಜಾಗ. ಗೋಡೆಗೆ ಮೊಳೆ ಹೊಡೆಯಕೂಡದೆಂದು ಕರಾರಿನಲ್ಲಿತ್ತು. ಹಾಸಿಗೆ ಹಿಡಿದ ಮೇಲೆ ಈರವ್ವ ಎದುರಿನ ಬರಿಗೋಡೆ ತೋರಿಸಿ, "ಅವರನ್ನ ನನಗ ಕಾಣೂಹಂಗ ಅಲ್ಲಿ ಹಾಕವಾ," ಎಂದು ಕೇಳಿದ್ದಳು. "ಹಾಕೂಣ ತಡೀರಿ ಅತ್ತಿ," ಎಂದು ದಾಕ್ಷಾಯಣಿಯೇ ದಿನ ದೂಡಿದ್ದಳು.

ಅವಳು ಬಟ್ಟೆಯನ್ನು ಬಟ್ಟಲಲ್ಲಿಟ್ಟು ಹೊರಗೆ, ಮೆಟ್ಟಿಲ ಬಳಿ ನಿಂತಿದ್ದ ವೇಣುಗೋಪಾಲನ ಮುಂದೆ ಬಂದಳು. "ಅಣ್ಣಾರ, ಗಾಡಿ ವಾಪಸ್ ಕಳಸ್ರಿ."

"ನೋಡಿ ಮೇಡಂ, ನಂಗೂ ಕರುಣೆ ಇದೆ. ಆದ್ರೆ ಶಾಸ್ತ್ರ ಅಂತ ಒಂದಿದೆಯಲ್ಲ?"

"ಕರಾರಿನ್ಯಾಗ ಮೊಳಿ ಹೊಡಿಬ್ಯಾಡ್ರಿ ಅಂತ ಬರದ್ರಿ, ಹೊಡಿಲಿಲ್ಲ. ನಾಯಿ ಸಾಕಬ್ಯಾಡ್ರಿ ಅಂದ್ರಿ, ಸಾಕಲಿಲ್ಲ. ಸಾಯಬ್ಯಾಡ್ರಿ ಅಂತ ಎಲ್ಲಿ ಬರದೀರಿ, ತೋರಸ್ರಿ! ಆ ಹಿರೇಜೀವಾನ ಮೂಟಿ ಕಟ್ಟಿದಂಗ ಕಟ್ಟಿ ಇಳಿಸ್ತೀರಿ? ದಾರ್ಯಾಗ ಉಸುರು ಹೋದ್ರ ನಿಮ್ಮ ನಕ್ಷತ್ರಕ್ಕ ಸಮಾಧಾನ ಆಗ್ತೈತೇನು?"

ಕಾಲೇಜಿನ ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಪಿಸುಮಾತಿನಲ್ಲೇ ಕಳೆದವಳು ಅವಳು. ತನ್ನ ದನಿ ಮೆಟ್ಟಿಲ ಗೋಡೆಗೆ ಬಡಿದು ವಾಪಸಾದದ್ದು ಕೇಳಿ ಅವಳಿಗೇ ಬೆರಗಾಯಿತು.

"ಸ್ವಲ್ಪ ಮೆತ್ತಗೆ ಮೇಡಂ. ಅಕ್ಕಪಕ್ಕದೋರಿಗೆ ಕೇಳ್ಸುತ್ತೆ."

"ಕೇಳಸಲಿ!"

ವೇಣುಗೋಪಾಲ್ ಕೆಳಗೆ ಗಾಡಿಯ ಬಳಿ ಇದ್ದ ಇನ್ನೊಬ್ಬನಿಗೆ ಕುರ್ಚಿ ತರಲು ಸನ್ನೆ ಮಾಡಿದ. ಕುರ್ಚಿ ಬಂತು, ಆದರೆ ಮೂರನೆಯ ಮೆಟ್ಟಿಲಲ್ಲೇ ನಿಂತಿತು. ಅಲ್ಲಿ ವೇಣುಗೋಪಾಲನ ತಾಯಿ ಸೊಣ್ಣಮ್ಮ ಮಡಿಲಲ್ಲಿ ಅವರೆಕಾಯಿಯ ಮೊರ ಇಟ್ಟುಕೊಂಡು ಮೆಟ್ಟಿಲ ಅಗಲಕ್ಕೂ ಕೂತಿದ್ದಳು. ಹೋದ ಚಳಿಗಾಲದಲ್ಲಿ ಈರವ್ವನೂ ಅಲ್ಲೇ ಪಕ್ಕದಲ್ಲಿ ಕೂತು ಕಾಯಿ ಸುಲಿದಿದ್ದಳು. ಒಬ್ಬಳ ಮಾತು ಇನ್ನೊಬ್ಬಳಿಗೆ ಅರ್ಧ ತಿಳಿಯುತ್ತಿರಲಿಲ್ಲ. ಉಳಿದರ್ಧ ಅವರಿಗೆ ಸಾಕಾಗುತ್ತಿತ್ತು.

"ಅಮ್ಮಾ, ಏಳು. ದಾರಿ ಬಿಡು."

"ಕಾಯಿ ಸುಲೀತಾ ಇವ್ನಿ, ಕಾಣಾಕಿಲ್ವಾ?"

"ಪಂಚಕ ಕಣಮ್ಮಾ! ಬೀಗ ಹಾಕ್ಬೇಕಾಗುತ್ತೆ!"

"ನಿಮ್ಮಪ್ಪ ಓಗಿದ್ದು ಯಾವಾಗ್ಲಾ?" ಸೊಣ್ಣಮ್ಮ ತಲೆಯೆತ್ತಲಿಲ್ಲ. "ಇದೇ ಪಂಚಕದಾಗೆ. ಮ್ಯಾಲೆ ಅದೇ ರೂಮ್ನಾಗೆ. ಬೀಗ ಆಕ್ದಾ ನೀನು? ತಿಥಿ ಆದ್ ವಾರಕ್ಕೇ ಬಣ್ಣ ಒಡ್ಸಿ ಇವ್ರನ್ನ ಕರ್ಕಂಬಂದು ಇಟ್ಟೆ. ಅವಾಗ ಎಲ್ಲೋಗಿತ್ಲಾ ನಿನ್ ಪಂಚಾಂಗ?"

ವೇಣುಗೋಪಾಲನ ಕೈಯಲ್ಲಿ ಮೊಬೈಲಿನ ಬೆಳಕು ತಾನಾಗಿ ಆರಿತು. ಮೂರು ವರ್ಷ ತಾವು ಮಲಗಿ ಎದ್ದ ಕೋಣೆಯಲ್ಲೇ ಸಾವಾಗಿತ್ತೆಂದು ದಾಕ್ಷಾಯಣಿಗೆ ತಿಳಿದದ್ದು ಈಗ. ಅವಳಿಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಇನ್ನೂ ಒಂದು ಮೆಟ್ಟಿಲು ಏರಿತು. ಅವನ ಮುಖವನ್ನೇ ನೋಡುತ್ತ ನಿಂತಳು, ಅವನು ಕಣ್ಣು ತಗ್ಗಿಸುವ ತನಕ.

ಆಂಬುಲೆನ್ಸಿನವನು ಯಾರ ಅಪ್ಪಣೆಗೂ ಕಾಯಲಿಲ್ಲ. ಒಳಗೆ ಹೋಗಿ, ದಾರಿಗೆಂದು ತಾನು ಬದಿಗೆ ಸರಿಸಿದ್ದ ಔಷಧಿಯ ಟೀಪಾಯಿಯನ್ನು ಸದ್ದಾಗದಂತೆ ಎತ್ತಿ ಮೊದಲಿನ ಜಾಗದಲ್ಲಿಟ್ಟು ಮೆಟ್ಟಿಲಿಳಿದು ಬಂದ. "ಬರೀಕೈನಾಗೆ ಓಗಾದಾದ್ರೆ ಓಗಪ್ಪಾ," ಎಂದು ಸೊಣ್ಣಮ್ಮ ಅವನಿಗೆ ಮಾತ್ರ ಮೊಣಕಾಲು ಸರಿಸಿ ದಾರಿ ಕೊಟ್ಟಳು.

ದಾಕ್ಷಾಯಣಿ ಗಂಡನ ಚೀಲದಿಂದ ಫೋಟೋ ಹೊರಗೆ ತೆಗೆದಳು. ಅಡುಗೆಮನೆಯಿಂದ ಕುಟ್ಟುವ ಗುಂಡುಕಲ್ಲು ತಂದಳು.

"ಕೆಳಗ ಕೇಳಸ್ತೈತಿ," ಎಂದ ಸಂಗಮೇಶ. ಅವಳು ತಿರುಗಿ ನೋಡಿದಳು. ಅವನು ಹೋಗಿ, ಟ್ರಂಕಿನ ತಳ ಕೆದಕಿ ಒಂದು ಮೊಳೆ ಹುಡುಕಿ ತಂದುಕೊಟ್ಟ. ಈರವ್ವನ ಕಣ್ಣುಗಳು ಅರೆತೆರೆದಿದ್ದವು.

ಮೊದಲ ಏಟಿಗೆ ಎದುರಿನ ಗೋಡೆಯ ಬಣ್ಣದ ಚಕ್ಕೆ ಉದುರಿತು. ಕೆಳಗೆ ಸೊಣ್ಣಮ್ಮನ ಸ್ಟೀಲಿನ ಪಾತ್ರೆಗೆ ಅವರೆಕಾಳು ಬೀಳುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.